ಹಳೆಯ ಯುದ್ಧದ ಫೋಟೋದಲ್ಲಿರುವ ಬಾಂಬ್ ಯಾವುದು? ಗುರುತು ಹಿಡಿಯುವ ಬಗೆ

ವಿಮಾನದ ರೆಕ್ಕೆಯ ಕೆಳಗೆ ನಾಲ್ಕು ಜನ ಸೈನಿಕರು, ಟ್ರಾಲಿಯ ಮೇಲೆ ಒಂದು ಬಾಂಬು. ಫೋಟೋದ ಹಿಂದೆ ಯಾರೋ ಪೆನ್ಸಿಲ್ಲಿನಲ್ಲಿ ‘ಸಾವಿರ ಪೌಂಡ್’ ಎಂದು ಬರೆದಿದ್ದಾರೆ. ಎರಡನೇ ಮಹಾಯುದ್ಧದ ಚಿತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪಿರುವುದು ಇಂಥ ಅಡಿಬರಹವೇ. ಬರೆದವರು ಎಷ್ಟೋ ವರ್ಷದ ನಂತರ ನೆನಪಿನಿಂದ ಬರೆದಿರುತ್ತಾರೆ, ಇಲ್ಲವೇ ಅಂದಿನ ಪತ್ರಿಕೆಯವರು ಸೆನ್ಸಾರ್ ಬಿಟ್ಟಷ್ಟನ್ನು ಮಾತ್ರ ಬರೆದಿರುತ್ತಾರೆ. ಆದ್ದರಿಂದ ಅಡಿಬರಹವನ್ನು ಕೊನೆಗೆ ಓದಿ. ಮೊದಲು ನೋಡಬೇಕಾದದ್ದು ಬಾಂಬಿನ ಕೊಂಡಿ, ಫ್ಯೂಜ್ (ಬಾಂಬನ್ನು ಸಿಡಿಸುವ ಸಾಧನ) ಇರುವ ಜಾಗ, ಬಾಲ ಮತ್ತು ಉದ್ದಗಲದ ಅನುಪಾತ. ಬಣ್ಣಕ್ಕೆ ಸರದಿ ಬರುವುದು ಇವೆಲ್ಲ ಆದ ಮೇಲೆ.

ಇಲ್ಲಿ ಹೇಳುವುದು 1939ರಿಂದ 1945ರವರೆಗಿನ ಜರ್ಮನ್, ಬ್ರಿಟಿಷ್, ಅಮೆರಿಕನ್ ಬಾಂಬುಗಳ ಬಗ್ಗೆ. ಜಪಾನಿನದು ಸ್ವಲ್ಪ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ನೆಲೆಯಾಗಿತ್ತು. ಹಾಗಾಗಿ ನಮ್ಮ ಕಡೆಯ ಹಳೆಯ ಆಲ್ಬಮ್ಮುಗಳಲ್ಲಿ ಅಮೆರಿಕನ್ ವಿಮಾನ, ಅದರ ಪಕ್ಕದಲ್ಲಿ ಅಮೆರಿಕನ್ ಬಾಂಬು ಕಂಡರೆ ಆಶ್ಚರ್ಯಪಡಬೇಕಿಲ್ಲ.

ಪ್ರತಿ ತೆಗೆಯುವಾಗ

ಮೂಲ ಫೋಟೋ ಅಂಗೈಯಗಲದ್ದಾದರೆ 1200 ಡಿಪಿಐ, ದೊಡ್ಡದಾದರೆ 600 ಡಿಪಿಐ ಸ್ಕ್ಯಾನ್ ಸಾಕು. ಟಿಫ್ ಕಡತವಾಗಿ ಉಳಿಸಿ. ಅಂಚುಗಳನ್ನು ಕತ್ತರಿಸಬೇಡಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆ, ಸೆನ್ಸಾರ್ ಮುದ್ರೆ, ಕಾಗದದ ಕಂಪನಿಯ ಹೆಸರು ಎಲ್ಲವೂ ಅಲ್ಲೇ ಇರುತ್ತವೆ. ಸ್ಕ್ಯಾನರ್ ಇಲ್ಲದೆ ಮೊಬೈಲಿನಲ್ಲೇ ತೆಗೆಯಬೇಕಾಗಿ ಬಂದರೆ ಹತ್ತಿರ ಹಿಡಿಯಬೇಡಿ. ಹತ್ತಿರ ಹೋದಷ್ಟೂ ಅಂಚಿನ ಗೆರೆಗಳು ಬಾಗುತ್ತವೆ. ಒಂದು ಅಡಿಯಷ್ಟು ದೂರ ಸರಿದು, ಎರಡರಷ್ಟು ಜೂಮ್ ಮಾಡಿ, ಫೋಟೋಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ.

ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಂದ ಚಿತ್ರವನ್ನು ‘ಸ್ಪಷ್ಟ’ ಮಾಡಿಸಲೇಬೇಡಿ, ಬಣ್ಣವನ್ನೂ ಹಾಕಿಸಬೇಡಿ. ಮಸುಕಾದ ಕಡೆ ಏನಿದ್ದಿರಬಹುದೆಂದು ಅವು ಊಹಿಸಿ ಬರೆಯುತ್ತವೆ. ಇಲ್ಲದ ಕೊಂಡಿ ಹುಟ್ಟುತ್ತದೆ, ಇರುವ ಪಟ್ಟಿ ಅಳಿಸಿಹೋಗುತ್ತದೆ. ನಮಗೆ ಬೇಕಾದದ್ದು ಆ ಎರಡೇ ಮಿಲಿಮೀಟರ್ ಜಾಗ.

ಆಮೇಲೆ ಚಿತ್ರ ಕನ್ನಡಿ ಬಿಂಬವೇ ಎಂದು ನೋಡಿಕೊಳ್ಳಿ. ನೆಗೆಟಿವ್ ಮಗುಚಿ ಮುದ್ರಿಸಿದ ಫೋಟೋಗಳು ಬಹಳ. ವಿಮಾನದ ಮೇಲಿನ ಅಕ್ಷರ ಓದಲು ಬಂದರೆ ಸರಿ. ಅಕ್ಷರವಿಲ್ಲದಿದ್ದರೆ ಗಂಡಸರ ಅಂಗಿ ನೋಡಿ: ತೊಟ್ಟವನ ಎಡಗಡೆಯ ಪಟ್ಟಿ ಬಲಗಡೆಯದರ ಮೇಲೆ ಬಂದಿರಬೇಕು.

ಫಿಲ್ಮು ಯಾವುದು?

ಆ ಕಾಲದ ಹವ್ಯಾಸಿಗಳ ರೋಲ್ ಫಿಲ್ಮುಗಳಲ್ಲಿ ಹಲವು ಆರ್ಥೋಕ್ರೊಮ್ಯಾಟಿಕ್. ಕೊಡಾಕ್ ವೆರಿಕ್ರೋಮ್ ಅಂಥದ್ದೇ. ಅದಕ್ಕೆ ಕೆಂಪು ಕಾಣುವುದಿಲ್ಲ. ಕೆಂಪು ಬಣ್ಣ ಕಪ್ಪಾಗಿ, ಹಳದಿ ಮಂಕಾಗಿ, ನೀಲಿ ಬೆಳ್ಳಗೆ ಬೀಳುತ್ತದೆ. ಪತ್ರಿಕಾ ಛಾಯಾಗ್ರಾಹಕರು ಹೆಚ್ಚಾಗಿ ಬಳಸಿದ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನಲ್ಲಿ ಹಳದಿ ಬೆಳ್ಳಗೇ ಕಾಣುತ್ತದೆ. ಅಂದರೆ ಒಂದೇ ಹಳದಿ ಪಟ್ಟಿ ಒಂದು ಫೋಟೋದಲ್ಲಿ ಬಿಳಿ, ಇನ್ನೊಂದರಲ್ಲಿ ಗಾಢ ಬೂದು.

ಇದನ್ನು ತೀರ್ಮಾನಿಸುವ ಮಾಪಕ ಎಷ್ಟೋ ಸಲ ಅದೇ ಚಿತ್ರದೊಳಗೆ ಇರುತ್ತದೆ. ಬ್ರಿಟಿಷ್ ವಿಮಾನದ ಪಕ್ಕದ ವೃತ್ತಚಿಹ್ನೆಯ ನಡುವೆ ಕೆಂಪು, ಸುತ್ತ ಬಿಳಿ, ಆಮೇಲೆ ನೀಲಿ, ಹೊರಗೆ ಹಳದಿ ಉಂಗುರ. ನಡುವಿನ ಚುಕ್ಕೆ ಕಪ್ಪಗಿದ್ದು ನೀಲಿ ಉಂಗುರ ಬೆಳ್ಳಗಿದ್ದರೆ ಅದು ಆರ್ಥೋ. ಆಗ ಹೊರಗಿನ ಹಳದಿ ಉಂಗುರ ಎಷ್ಟು ಕಪ್ಪಾಗಿದೆಯೋ ಬಾಂಬಿನ ಮೇಲಿನ ಹಳದಿಯೂ ಅಷ್ಟೇ ಕಪ್ಪಾಗಿರುತ್ತದೆ. ಜಪಾನಿನ ವಿಮಾನವಾದರೆ ಕೆಂಪು ಸೂರ್ಯ ಇದ್ದೇ ಇದೆ. ಬರ್ಮಾ ರಂಗದ ಬ್ರಿಟಿಷ್ ವಿಮಾನಗಳಲ್ಲಿ ಮಾತ್ರ ಈ ಉಪಾಯ ನಡೆಯದು. ಜಪಾನಿನ ಚಿಹ್ನೆಯೆಂದು ಭ್ರಮಿಸಿ ತಮ್ಮವರೇ ಗುಂಡು ಹಾರಿಸದಿರಲಿ ಎಂದು ಅಲ್ಲಿ ಕೆಂಪನ್ನೇ ತೆಗೆದು, ಕಡುನೀಲಿ ಮತ್ತು ತಿಳಿನೀಲಿ ಎರಡನ್ನೇ ಉಳಿಸಿದ್ದರು.

ಯಾವ ದೇಶದ್ದು: ಕೊಂಡಿ ಮತ್ತು ಫ್ಯೂಜ್

ವಿಮಾನ ಯಾರದು ಎಂಬುದರಿಂದ ಬಾಂಬು ಯಾರದು ಎಂದು ತೀರ್ಮಾನಿಸುವುದು ಮೊದಲ ಎಡವಟ್ಟು. ಬ್ರಿಟಿಷ್ ವಾಯುಪಡೆ ಅಮೆರಿಕನ್ ಬಾಂಬುಗಳನ್ನು ಧಾರಾಳವಾಗಿ ಹಾಕಿದೆ. 1944–45ರಲ್ಲಿ ವಶಪಡಿಸಿಕೊಂಡ ಜರ್ಮನ್ ಬಾಂಬುಗಳ ಮೇಲೆ ಕೂತು ಮಿತ್ರಪಡೆಯ ಸೈನಿಕರು ತೆಗೆಸಿಕೊಂಡ ಫೋಟೋಗಳಿಗೂ ಲೆಕ್ಕವಿಲ್ಲ. ಬಾಂಬಿನ ಒಡಲನ್ನೇ ಕೇಳಬೇಕು.

ಮೂತಿಯಲ್ಲಿ ಪುಟ್ಟ ಫ್ಯಾನ್‌ನಂಥದ್ದು ಇದೆಯೇ? ಇದ್ದರೆ ಅದು ಸಾಮಾನ್ಯವಾಗಿ ಜರ್ಮನಿಯದ್ದಲ್ಲ. ಅಮೆರಿಕ, ಬ್ರಿಟನ್, ಜಪಾನಿನ ಬಾಂಬುಗಳ ಫ್ಯೂಜ್ ಮೂತಿಯಲ್ಲಿ, ಬಾಲದಲ್ಲಿ ಅಥವಾ ಎರಡೂ ಕಡೆ ಇರುತ್ತದೆ. ಜರ್ಮನ್ನರು ವಿದ್ಯುತ್ ಫ್ಯೂಜನ್ನು ಒಡಲಿನ ಪಕ್ಕದಲ್ಲಿ, ಅಡ್ಡಲಾಗಿ ಕೂರಿಸಿದರು. ದೊಡ್ಡ ನಾಣ್ಯದಂಥ ಒಂದು ದುಂಡು ಬಿಲ್ಲೆ ಒಡಲಿನ ಬದಿಯಲ್ಲಿ ಕಂಡರೆ ಜರ್ಮನ್ ಎಂದು ಬರೆದುಕೊಳ್ಳಿ. 50 ಕಿಲೋ ಬಾಂಬಿನಲ್ಲಿ ಅದು ಒಂದು, 250 ಕಿಲೋದಲ್ಲಿ ಒಂದು ಅಥವಾ ಎರಡು, 500 ಕಿಲೋದಲ್ಲಿ ಸಾಮಾನ್ಯವಾಗಿ ಎರಡು. ಚಿತ್ರ ತುಂಬ ಸ್ಪಷ್ಟವಾಗಿದ್ದರೆ ಬಿಲ್ಲೆಯ ಮೇಲೆ ವೃತ್ತದೊಳಗಿನ ಅಂಕಿಯೂ ಸಿಗುತ್ತದೆ: 15, 17, 50 ಇತ್ಯಾದಿ. ಅದು ಫ್ಯೂಜಿನ ಮಾದರಿಯ ಸಂಖ್ಯೆ, ಬಾಂಬಿನ ತೂಕವಲ್ಲ. ‘50’ ಕಂಡ ಕೂಡಲೇ ಐವತ್ತು ಕಿಲೋ ಎಂದು ಬರೆದವರಿದ್ದಾರೆ. ವಿಮಾನಕ್ಕೆ ನೇತುಹಾಕಿದಾಗ ಬಿಲ್ಲೆ ಮೇಲ್ಗಡೆ ಹೋಗಿ ಮರೆಯಾಗುವುದೂ ಉಂಟು. ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ.

ಇನ್ನು ಕೊಂಡಿ. ಬಾಂಬನ್ನು ವಿಮಾನಕ್ಕೆ ಸಿಕ್ಕಿಸುವ ಈ ಕಬ್ಬಿಣದ ಬಳೆ ಬ್ರಿಟಿಷ್ ಬಾಂಬಿನಲ್ಲಿ ಒಂದೇ. ಅಮೆರಿಕನ್ ಬಾಂಬಿನಲ್ಲಿ ಎರಡು, ನಡುವಿನ ಅಂತರ ಸಾಮಾನ್ಯವಾಗಿ 14 ಇಂಚು, ಅಂದರೆ 35.6 ಸೆಂಟಿಮೀಟರ್. ‘ಎಎನ್’ ಎಂಬ ಹೆಸರಿನಿಂದ ಶುರುವಾಗುವ ಅಮೆರಿಕನ್ ಬಾಂಬುಗಳಿಗೆ ಎದುರು ಬದಿಯಲ್ಲಿ ಮೂರನೆಯದೊಂದು ಒಂಟಿ ಕೊಂಡಿಯೂ ಇತ್ತು, ಬ್ರಿಟಿಷ್ ವಿಮಾನಕ್ಕೂ ಹೊಂದಲಿ ಎಂದು. ಆದ್ದರಿಂದ ‘ಒಂದೇ ಕೊಂಡಿ ಕಾಣುತ್ತಿದೆ, ಹಾಗಾದರೆ ಬ್ರಿಟಿಷ್’ ಎಂಬ ಮಾತು ಬಾಂಬಿನ ಇನ್ನೊಂದು ಬದಿ ಕಾಣುವವರೆಗೆ ಪೂರ್ತಿ ನಿಲ್ಲುವುದಿಲ್ಲ.

ಜರ್ಮನ್ ಬಾಂಬುಗಳಲ್ಲಿ ಕೆಲವಕ್ಕೆ ಮೂತಿಯ ತುದಿಯಲ್ಲೇ ಬಳೆ. ಹೈಂಕೆಲ್ 111 ವಿಮಾನ ತನ್ನ ಬಾಂಬುಗಳನ್ನು ಮೂತಿ ಮೇಲಾಗಿ, ನೆಟ್ಟಗೆ ನಿಲ್ಲಿಸಿ ಒಯ್ಯುತ್ತಿತ್ತು. ಬಿಟ್ಟಾಗ ಅವು ಬಾಲ ಮುಂದಾಗಿ ಬಿದ್ದು, ಗಾಳಿಯಲ್ಲಿ ಪಲ್ಟಿ ಹೊಡೆದು ತಿರುಗುತ್ತಿದ್ದವು. ಬಾಂಬು ತಲೆಕೆಳಗಾಗಿ ಬೀಳುತ್ತಿರುವ ಫೋಟೋ ನಕಲಿಯಲ್ಲ, ವಿಮಾನದ ಗುರುತು.

ಬಾಲ ನೋಡುವುದು ಸುಲಭ. ಅಮೆರಿಕನ್ ಬಾಲ ಚೌಕ ಪೆಟ್ಟಿಗೆಯಂತೆ. ಬ್ರಿಟಿಷ್ ಬಾಲದ ಕೊನೆಗೆ ದುಂಡನೆಯ ಡ್ರಮ್ಮು. ಜರ್ಮನಿಯದು ಶಂಕುವಿನ ಮೇಲೆ ನಾಲ್ಕು ರೆಕ್ಕೆ. ರೆಕ್ಕೆಗಳ ಮೇಲೆ ಕೊಳಲಿನಂಥ ಕಾಗದದ ಕೊಳವೆ ಅಂಟಿಕೊಂಡಿದ್ದರೆ ಅದು ಬೀಳುವಾಗ ಕಿರುಚಲೆಂದು ಹಾಕಿದ ಜರ್ಮನ್ ಸೀಟಿ.

ಇಲ್ಲೊಂದು ದೊಡ್ಡ ಹಳ್ಳವಿದೆ. ಉಗ್ರಾಣದಲ್ಲಿ ಪೇರಿಸಿಟ್ಟ ಬಾಂಬುಗಳಿಗೆ ಬಾಲವೇ ಇರುವುದಿಲ್ಲ. ಅದು ಬೇರೆ ಪೆಟ್ಟಿಗೆಯಲ್ಲಿ ಬಂದು, ಹಾರಾಟಕ್ಕೆ ಮುಂಚೆ ಜೋಡಣೆಯಾಗುತ್ತಿತ್ತು. ಅಮೆರಿಕನ್ ಬಾಂಬುಗಳು ಹಡಗಿನಲ್ಲಿ ಬರುವಾಗ ಉರುಳಿಸಲು ಅನುಕೂಲವಾಗಲಿ, ಕೊಂಡಿಗೆ ಪೆಟ್ಟಾಗದಿರಲಿ ಎಂದು ಒಡಲಿನ ಸುತ್ತ ಎರಡು ದಪ್ಪ ಉಕ್ಕಿನ ಉಂಗುರ ಹಾಕಿರುತ್ತಿದ್ದರು. ಅದನ್ನು ಬಾಂಬಿನ ಭಾಗವೆಂದೋ ಬಣ್ಣದ ಪಟ್ಟಿಯೆಂದೋ ತಿಳಿಯುವವರು ಹೆಚ್ಚು. ನೆರಳು ನೋಡಿ: ಉಂಗುರ ಒಡಲಿನಿಂದ ಎದ್ದು ನೆರಳು ಬೀಳಿಸುತ್ತದೆ, ಬಣ್ಣ ಬೀಳಿಸುವುದಿಲ್ಲ.

ಅಳತೆ

ದೇಶ ಗೊತ್ತಾದ ಮೇಲೆ ತೂಕ. ಇಲ್ಲಿ ಕಣ್ಣಂದಾಜು ಬೇಡ, ಪಿಕ್ಸೆಲ್ ಎಣಿಸಿ. ಯಾವ ಚಿತ್ರ ತೆರೆಯುವ ತಂತ್ರಾಂಶದಲ್ಲಾದರೂ ಎರಡು ಬಿಂದುಗಳ ನಡುವಿನ ದೂರ ಅಳೆಯಬಹುದು.

ಅಮೆರಿಕನ್ ಬಾಂಬಿನಲ್ಲಿ ಅಳತೆಗೋಲು ಬಾಂಬಿನ ಮೈಮೇಲೆಯೇ ಇದೆ: ಆ 14 ಇಂಚಿನ ಕೊಂಡಿ ಅಂತರ. ಒಡಲಿನ ಅಡ್ಡಗಲವನ್ನು ಕೊಂಡಿಗಳ ಅಂತರದಿಂದ ಭಾಗಿಸಿ.

250 ಪೌಂಡಿನ ಎಎನ್-ಎಂ57: ಅಡ್ಡಗಲ 10.9 ಇಂಚು, ಅನುಪಾತ 0.78
500 ಪೌಂಡಿನ ಎಎನ್-ಎಂ64: ಅಡ್ಡಗಲ 14.2 ಇಂಚು, ಅನುಪಾತ 1.01
1000 ಪೌಂಡಿನ ಎಎನ್-ಎಂ65: ಅಡ್ಡಗಲ 18.8 ಇಂಚು, ಅನುಪಾತ 1.34

ಅಡ್ಡಗಲ ಮತ್ತು ಕೊಂಡಿ ಅಂತರ ಸಮವಾಗಿದ್ದರೆ ಐನೂರು ಪೌಂಡು. ನೆನಪಿಡಲು ಇಷ್ಟು ಸಾಕು.

ಆದರೆ ಬಾಂಬು ಕ್ಯಾಮೆರಾಕ್ಕೆ ಪಕ್ಕ ಕೊಟ್ಟು ಮಲಗಿದ್ದರೆ ಮಾತ್ರ ಈ ಲೆಕ್ಕ ನೇರವಾಗಿ ಸರಿ. ಓರೆಯಾಗಿದ್ದರೆ ಉದ್ದ ಕುಗ್ಗುತ್ತದೆ, ಅಡ್ಡಗಲ ಕುಗ್ಗುವುದಿಲ್ಲ. ಹಾಗಾಗಿ ಪ್ರತಿ ಬಾಂಬೂ ಇರುವುದಕ್ಕಿಂತ ದಪ್ಪ, ಇರುವುದಕ್ಕಿಂತ ಭಾರ ಎನಿಸುತ್ತದೆ. ‘ಸಾವಿರ ಪೌಂಡ್’ ಅಡಿಬರಹಗಳಲ್ಲಿ ಎಷ್ಟೋ ಐನೂರಿನವಾಗಿರುವುದಕ್ಕೆ ಇದೂ ಒಂದು ಕಾರಣ.

ಓರೆಯನ್ನು ಸರಿಪಡಿಸುವುದು ಕಷ್ಟವಲ್ಲ. ಬಾಂಬಿನ ಯಾವುದಾದರೂ ದುಂಡು ಅಂಚನ್ನು ಹುಡುಕಿ: ಹಿಂಬದಿಯ ತಟ್ಟೆ, ಸಾಗಾಟದ ಉಂಗುರ, ಬ್ರಿಟಿಷ್ ಡ್ರಮ್ಮಿನ ಬಾಯಿ. ಓರೆಯಲ್ಲಿ ಅದು ಮೊಟ್ಟೆಯಾಕಾರವಾಗಿ ಕಾಣುತ್ತದೆ. ಅದರ ಕಿರಿದಾದ ಅಗಲವನ್ನು ಹಿರಿದಾದ ಅಗಲದಿಂದ ಭಾಗಿಸಿದರೆ ಬಾಂಬು ಎಷ್ಟು ತಿರುಗಿದೆ ಎಂದು ತಿಳಿಯುತ್ತದೆ. ಆ ಭಾಗಲಬ್ಧ 0.3 ಆದರೆ ಉದ್ದ ನಿಜದ 0.95ರಷ್ಟು ಕಾಣುತ್ತಿದೆ, 0.5 ಆದರೆ 0.87, 0.66 ಆದರೆ 0.75. ಶಾಲೆಯಲ್ಲಿ ಕಲಿತ ಸೈನ್, ಕೊಸೈನ್ ಅಷ್ಟೇ.

ಒಂದು ಉದಾಹರಣೆ. ಚಿತ್ರದಲ್ಲಿ ಕೊಂಡಿ ಅಂತರ 160 ಪಿಕ್ಸೆಲ್, ಅಡ್ಡಗಲ 214. ಭಾಗಿಸಿದರೆ 1.34, ಸರಿಯಾಗಿ ಸಾವಿರ ಪೌಂಡು! ಆದರೆ ಹಿಂಬದಿಯ ತಟ್ಟೆ ಕಾಣುತ್ತಿದೆ, ಅದರ ಎರಡು ಅಗಲಗಳ ಭಾಗಲಬ್ಧ 0.66. ಅಂದರೆ 160 ಎನ್ನುವುದು ನಿಜದ ಮುಕ್ಕಾಲು ಮಾತ್ರ. ನಿಜವಾದ ಅಂತರ 213. ಈಗ 214ನ್ನು 213ರಿಂದ ಭಾಗಿಸಿ: 1.0. ಇದು ಐನೂರು ಪೌಂಡಿನ ಎಎನ್-ಎಂ64. ಭಾಗಲಬ್ಧ 0.75 ದಾಟಿದರೆ, ಅಂದರೆ ಬಾಂಬು ಬಹುತೇಕ ನಿಮ್ಮತ್ತ ಮೂತಿಯೋ ಬಾಲವೋ ತಿರುಗಿಸಿ ನಿಂತಿದ್ದರೆ, ಈ ದಾರಿ ಬಿಡಿ. ಅಲ್ಲಿ ಅಳತೆಯ ಸಣ್ಣ ತಪ್ಪೂ ಉತ್ತರವನ್ನು ಬದಲಿಸುತ್ತದೆ.

ಎರಡು ಕೊಂಡಿ ಇಲ್ಲದ ಬಾಂಬಿಗೆ ಹೊರಗಿನ ಅಳತೆಗೋಲು ಬೇಕು. ಬಾಂಬಿನಷ್ಟೇ ದೂರದಲ್ಲಿರುವ ವಸ್ತುವನ್ನು ಮಾತ್ರ ಆರಿಸಿ. ಮುಂದೆ ನಿಂತವನ ಎತ್ತರದಿಂದ ಹಿಂದಿನ ಬಾಂಬನ್ನು ಅಳೆದರೆ ಕೆಟ್ಟಿತು. ಪೆಟ್ರೋಲ್ ಒಯ್ಯುವ ಉಕ್ಕಿನ ಡಬ್ಬ, ಅಂದರೆ ಜೆರ್ರಿಕ್ಯಾನ್, ಬಹಳ ಒಳ್ಳೆಯದು, ಎತ್ತರ 47 ಸೆಂಟಿಮೀಟರ್. ಮನುಷ್ಯರು ಅಷ್ಟು ಒಳ್ಳೆಯದಲ್ಲ: ಬಾಗಿರುತ್ತಾರೆ, ಟೋಪಿ ಹಾಕಿರುತ್ತಾರೆ.

ಜರ್ಮನ್ ಬಾಂಬುಗಳು

ಎಸ್‌ಸಿ ಎಂಬುದು ತೆಳುಗೋಡೆಯ ಸಾಮಾನ್ಯ ಬಾಂಬು, ಎಸ್‌ಡಿ ದಪ್ಪಗೋಡೆಯದು, ಪಿಸಿ ರಕ್ಷಾಕವಚ ಭೇದಿಸುವುದು. ಮುಂದಿನ ಅಂಕಿ ಕಿಲೋಗ್ರಾಂನಲ್ಲಿ ಸುಮಾರು ತೂಕ. ಬಾಲದ ಶಂಕುವಿನ ಮೇಲಿನ ಪಟ್ಟೆ ಎಸ್‌ಸಿಗೆ ಹಳದಿ, ಎಸ್‌ಡಿಗೆ ಕೆಂಪು, ಪಿಸಿಗೆ ನೀಲಿ. ಕಪ್ಪು-ಬಿಳುಪಿನಲ್ಲಿ ಇದನ್ನು ಓದುವ ಮುಂಚೆ ಫಿಲ್ಮಿನ ಪರೀಕ್ಷೆ ಆಗಿರಲೇಬೇಕು. ಆರ್ಥೋ ಫಿಲ್ಮಿನಲ್ಲಿ ಬೆಳ್ಳಗೆ ಹೊಳೆಯುವುದು ನೀಲಿ ಪಟ್ಟೆ. ಅದನ್ನು ಹಳದಿಯೆಂದು ಓದಿದರೆ ಹಡಗು ಭೇದಿಸುವ ಬಾಂಬು ಸಾಮಾನ್ಯ ಬಾಂಬಾಗಿಬಿಡುತ್ತದೆ. ಅನುಮಾನವಿದ್ದರೆ ಆಕಾರ ನೋಡಿ. ಒಂದೇ ತೂಕದಲ್ಲಿ ಗೋಡೆ ದಪ್ಪವಾದಷ್ಟೂ ಬಾಂಬು ಸಪೂರ.

ಎಸ್‌ಸಿ 50ರ ಅಡ್ಡಗಲ 20 ಸೆಂಟಿಮೀಟರ್, ಉದ್ದ ಸುಮಾರು 1.1 ಮೀಟರ್, ನೆಟ್ಟಗೆ ನಿಲ್ಲಿಸಿದರೆ ಸೊಂಟದ ಮಟ್ಟ. ಎಸ್‌ಸಿ 250ರ ಅಡ್ಡಗಲ ಸುಮಾರು 37 ಸೆಂಟಿಮೀಟರ್, ಉದ್ದ 1.64 ಮೀಟರ್, ಕಣ್ಣಿನ ಮಟ್ಟ. ಎಸ್‌ಸಿ 500ಕ್ಕೆ 47 ಸೆಂಟಿಮೀಟರ್ ಮತ್ತು 2 ಮೀಟರ್, ಆಳೆತ್ತರ ಮೀರುತ್ತದೆ. ‘ಹರ್ಮನ್’ ಎಂಬ ಅಡ್ಡಹೆಸರಿನ ಎಸ್‌ಸಿ 1000 ಮತ್ತು ‘ಸೈತಾನ’ ಎಂದು ಕರೆಸಿಕೊಂಡ ಎಸ್‌ಸಿ 1800, ಎರಡಕ್ಕೂ ಅಡ್ಡಗಲ 66 ಸೆಂಟಿಮೀಟರ್. ಮೊದಲನೆಯದು 2.8 ಮೀಟರಿನ ಆಸುಪಾಸು, ಎರಡನೆಯದು ಸುಮಾರು 3.5 ಮೀಟರ್. ಈ ಎರಡನ್ನು ಬೇರ್ಪಡಿಸಲು ಉದ್ದವೊಂದೇ ದಾರಿ, ಅದಕ್ಕೇ ಬಾಲ ಮುರಿದ ಚಿತ್ರದಲ್ಲಿ ಎಡವುತ್ತಾರೆ.

ಮೂತಿಯ ಸುತ್ತ ದಪ್ಪ ಬಳೆಯಂಥದ್ದು ಬೆಸೆದಿದ್ದರೆ ಅದು ನೆಲದೊಳಗೆ ಆಳಕ್ಕೆ ಇಳಿಯದಂತೆ ತಡೆಯುವ ಉಂಗುರ. ದೊಡ್ಡ ಎಸ್‌ಸಿಗಳಲ್ಲಿ ಸಾಮಾನ್ಯ. ಮೂತಿಯಿಂದ ಉದ್ದನೆಯ ಸಲಾಕೆ ಹೊರಟು ತುದಿಯಲ್ಲಿ ಬಿಲ್ಲೆ ಇದ್ದರೆ ಡಿನೋರ್ಟ್ ಸಲಾಕೆ, ನೆಲ ಮುಟ್ಟುವ ಮೊದಲೇ ಸಿಡಿಸಲು. ಸ್ಟೂಕಾ ವಿಮಾನದ ರೆಕ್ಕೆಯಡಿಯ ಎಸ್‌ಸಿ 50ಗಳಲ್ಲಿ ಇದನ್ನು ಹುಡುಕಿ.

ಬ್ರಿಟಿಷ್ ಬಾಂಬುಗಳು

ಎರಡಕ್ಷರದಲ್ಲಿ ಜಾತಿ: ಜಿಪಿ ಸಾಮಾನ್ಯ ಬಳಕೆಯದು, ಎಂಸಿ ಮಧ್ಯಮ ಪ್ರಮಾಣದಲ್ಲಿ ಸ್ಫೋಟಕ ತುಂಬಿದ್ದು, ಎಚ್‌ಸಿ ಹೆಚ್ಚು ತುಂಬಿದ್ದು. 500 ಪೌಂಡಿನ ಜಿಪಿ ಮತ್ತು 500 ಪೌಂಡಿನ ಎಂಸಿ, ಎರಡರ ಅಡ್ಡಗಲವೂ ಸುಮಾರು 13 ಇಂಚು. ಒಡಲಿನ ಮೇಲಿನ ಅಕ್ಷರ ಓದಲಾಗದಿದ್ದರೆ ಇವೆರಡನ್ನು ಫೋಟೋದಿಂದ ಬೇರ್ಪಡಿಸುವ ಹಟ ಬೇಡ. ‘500 ಪೌಂಡ್, ಜಿಪಿ ಅಥವಾ ಎಂಸಿ’ ಎಂದು ಬರೆದರೆ ಯಾರ ಮಾನವೂ ಹೋಗುವುದಿಲ್ಲ.

ಯುದ್ಧದ ಮೊದಲ ವರ್ಷಗಳಲ್ಲಿ ಒಡಲಿಗೆ ಹಳದಿ ಬಣ್ಣ, ಆಮೇಲೆ ಕಡುಹಸಿರು. ಮೂತಿಯ ಕಡೆಗೆ ಕೆಂಪು ಪಟ್ಟಿಯಿದ್ದರೆ ತುಂಬಿದ ಬಾಂಬು ಎಂದರ್ಥ. ಅಮೆರಿಕನ್ನರೂ ಪೂರ್ತಿ ಹಳದಿಯಿಂದ ಕಂದುಹಸಿರಿಗೆ ಬಂದರು, ಹಳದಿ ಎರಡು ತುದಿಯ ಪಟ್ಟಿಯಾಗಿ ಉಳಿಯಿತು. ಒಡಲೆಲ್ಲ ತಿಳಿಯಾಗಿ ಹೊಳೆಯುವ ಬಾಂಬು ಕಂಡರೆ ಯುದ್ಧದ ಆರಂಭದ ಚಿತ್ರವೆಂದು ಅಂದಾಜಿಸಬಹುದು. ಅಂದಾಜು ಮಾತ್ರ; ಹಳೆಯ ದಾಸ್ತಾನು ಖಾಲಿಯಾಗುವವರೆಗೆ ಬಳಕೆಯಲ್ಲಿತ್ತು.

4000 ಪೌಂಡಿನ ಎಚ್‌ಸಿ, ಅಂದರೆ ‘ಕುಕಿ’, ನೋಡಿದ ಕೂಡಲೇ ತಿಳಿಯುತ್ತದೆ. ಬಾಂಬಿಗಿಂತ ಡಾಂಬರು ಪೀಪಾಯಿಯ ಹಾಗಿದೆ: 30 ಇಂಚು ಅಡ್ಡಗಲ, ಮೊಂಡು ಮೂತಿ, ರೆಕ್ಕೆಯಿಲ್ಲ. 8000 ಪೌಂಡಿನದು 38 ಇಂಚಿನ ಎರಡು ಪೀಪಾಯಿ ಜೋಡಿಸಿದ್ದು, 12,000 ಪೌಂಡಿನದು ಮೂರು. ಜೋಡಣೆಯ ಅಂಚಿನ ಬೋಲ್ಟುಗಳ ಸಾಲನ್ನು ಎಣಿಸಿದರೆ ಸಾಕು.

ಅಡಿಬರಹಗಳಲ್ಲಿ ಬಹಳ ಕಾಣುವ ಗೊಂದಲ ಇಲ್ಲಿಯದು. 12,000 ಪೌಂಡಿನ ಬ್ರಿಟಿಷ್ ಬಾಂಬು ಎರಡಿದ್ದವು. ಮೂರು ಪೀಪಾಯಿಯ ಎಚ್‌ಸಿ 1943ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಡಾರ್ಟ್‌ಮಂಡ್-ಎಮ್ಸ್ ಕಾಲುವೆಯ ಮೇಲೆ ಬಿತ್ತು. ಬ್ರಿಟಿಷ್ ಎಂಜಿನಿಯರ್ ಬಾರ್ನ್ಸ್ ವಾಲಿಸ್ ರೂಪಿಸಿದ ಟಾಲ್‌ಬಾಯ್ ಮೊದಲು ಬಿದ್ದದ್ದು 1944ರ ಜೂನ್‌ನಲ್ಲಿ, ಫ್ರಾನ್ಸಿನ ಸೋಮ್ಯೂರ್ ಸುರಂಗದ ಮೇಲೆ. ಅಡ್ಡಗಲವೂ ಒಂದೇ, 38 ಇಂಚು. ಆದರೆ ಟಾಲ್‌ಬಾಯ್ 21 ಅಡಿ ಉದ್ದದ, ಚೂಪು ಮೂತಿಯ, ನುಣುಪಾದ ಆಕಾರ; ಅದರ ನಾಲ್ಕು ರೆಕ್ಕೆಗಳು ಸ್ವಲ್ಪ ಓರೆಯಾಗಿವೆ, ಬೀಳುವಾಗ ಬುಗುರಿಯಂತೆ ತಿರುಗಲು. ಗ್ರ್ಯಾಂಡ್ ಸ್ಲ್ಯಾಮ್ ಅದರದೇ ಅಣ್ಣ: 22,000 ಪೌಂಡು, 46 ಇಂಚು ಅಡ್ಡಗಲ, ಮೊದಲ ಬಳಕೆ 1945ರ ಮಾರ್ಚ್ 14. ಅದಕ್ಕಿಂತ ಹಿಂದಿನ ದಾಳಿಯ ಚಿತ್ರಕ್ಕೆ ಆ ಹೆಸರು ಬರೆದಿದ್ದರೆ ತಪ್ಪು.

ಜಪಾನ್, ಮತ್ತು ಬಾಂಬೇ ಅಲ್ಲದವು

ಜಪಾನಿ ನೌಕಾಪಡೆಯ ಬಾಂಬಿನ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಕಿಲೋಗ್ರಾಂ: 6 ಎಂದರೆ 60, 25 ಎಂದರೆ 250, 80 ಎಂದರೆ 800. ಇದು ಗೊತ್ತಿಲ್ಲದೆ ‘25 ಕಿಲೋ ಬಾಂಬು’ ಎಂದು ಬರೆದದ್ದುಂಟು. ಪರ್ಲ್ ಹಾರ್ಬರ್‌ನಲ್ಲಿ ಅರಿಜೋನಾ ಹಡಗನ್ನು ಮುಳುಗಿಸಿದ 800 ಕಿಲೋ ಬಾಂಬು ಯುದ್ಧನೌಕೆಯ ಫಿರಂಗಿ ಗುಂಡನ್ನು ಮಾರ್ಪಡಿಸಿದ್ದು. ಆಕಾರದಲ್ಲಿ ಇವತ್ತಿಗೂ ಗುಂಡೇ, ಬಾಲವೊಂದು ಹೆಚ್ಚು.

ರೆಕ್ಕೆಯ ಕೆಳಗೆ ತೂಗುವುದೆಲ್ಲ ಬಾಂಬಲ್ಲ. ನಡುವೆ ಉದ್ದಕ್ಕೂ ಬೆಸುಗೆಯ ಅಂಚು, ಮೇಲೆ ಮುಚ್ಚಳ, ಬಾಲದಲ್ಲಿ ರೆಕ್ಕೆಯಿಲ್ಲ ಎಂದರೆ ಹೆಚ್ಚುವರಿ ಇಂಧನದ ತೊಟ್ಟಿ. ಕರಾವಳಿ ಕಾವಲಿನ ವಿಮಾನದ ಕೆಳಗಿನ ಮೊಂಡು ಸಿಲಿಂಡರ್ ಜಲಾಂತರ್ಗಾಮಿಗೆ ಹಾಕುವ ಡೆಪ್ತ್ ಚಾರ್ಜ್ ಆಗಿರಬಹುದು. ಬ್ರಿಟಿಷ್ ಬಾಂಬರ್ ವಿಮಾನ ಲ್ಯಾಂಕಾಸ್ಟರಿನ ಹೊಟ್ಟೆಯಲ್ಲಿ ಕುಕಿಯ ಸುತ್ತ ಕಾಣುವ ಚೌಕ ಡಬ್ಬಗಳು ಬೆಂಕಿಕಡ್ಡಿಯಂತೆ ಜೋಡಿಸಿದ 4 ಪೌಂಡಿನ ಬೆಂಕಿ ಬಾಂಬುಗಳ ಪೆಟ್ಟಿಗೆ. ಒಂದೊಂದೂ ಷಟ್ಕೋನ, ಜರ್ಮನಿಯ 1 ಕಿಲೋದ್ದು ದುಂಡು.

ಚಿತ್ರ ಹಳೆಯದಲ್ಲದೆ, ಮಣ್ಣಿನಿಂದ ಈಗ ಎದ್ದದ್ದಾದರೆ ಗುರುತಿಸುವ ಕೆಲಸ ನಿಮ್ಮದಲ್ಲ. ಮಣಿಪುರ, ನಾಗಾಲ್ಯಾಂಡ್ ಕಡೆ ಆ ಯುದ್ಧದ ಬಾಂಬುಗಳು ಈಗಲೂ ಸಿಗುತ್ತವೆ. ಇನ್ನೊಂದು ಫೋಟೋ ತೆಗೆಯಲು ಹತ್ತಿರ ಹೋಗದೆ, ಮುಟ್ಟದೆ, ದೂರ ಸರಿದು 112ಕ್ಕೆ ಕರೆ ಮಾಡಿ. ತುಕ್ಕು ಹಿಡಿದ ಮಾತ್ರಕ್ಕೆ ಒಳಗಿನದು ಸತ್ತಿರುವುದಿಲ್ಲ.

ಬರೆದಿಡುವುದು

ಹಳೆಯ ಅಡಿಬರಹವನ್ನು ಈಗ ಓದಿ, ಅಳಿಸಬೇಡಿ. ಅದರ ಕೆಳಗೆ ನಿಮ್ಮ ತೀರ್ಮಾನ, ಅದರ ಬಲ ಮತ್ತು ಕಾರಣವನ್ನು ಬರೆಯಿರಿ. ಬಲಕ್ಕೆ ಮೂರೇ ಪದ ಸಾಕು. ಎರಡು ಬೇರೆ ಬೇರೆ ಲಕ್ಷಣಗಳು ಒಂದೇ ಉತ್ತರ ಕೊಟ್ಟು ಅಳತೆಯೂ ಕೂಡಿಬಂದರೆ ‘ಖಚಿತ’, ಅಳತೆ ಇಲ್ಲದಿದ್ದರೆ ‘ಬಹುಶಃ’, ಒಂದೇ ಲಕ್ಷಣವಾದರೆ ‘ಇರಬಹುದು’. ಬಣ್ಣವೊಂದನ್ನೇ ನಂಬಿ ಯಾವತ್ತೂ ಖಚಿತ ಎನ್ನಬೇಡಿ. ಮೇಲಿನ ಉದಾಹರಣೆಯ ಚಿತ್ರಕ್ಕಾದರೆ ಹೀಗೆ:

‘ಹಿಂಬದಿ ಬರಹ: ಸಾವಿರ ಪೌಂಡ್. ನಮ್ಮ ಓದು: ಅಮೆರಿಕನ್ ಎಎನ್-ಎಂ64, 500 ಪೌಂಡ್, ಖಚಿತ. ಎರಡು ಕೊಂಡಿ, ಚೌಕ ಬಾಲ, ಓರೆ ಸರಿಪಡಿಸಿದ ಅನುಪಾತ 1.0. ಮೂತಿಯ ಫ್ಯೂಜ್ ಇನ್ನೂ ಹಾಕಿಲ್ಲ.’